ಜೈತುನಬಿಯ ಎಡಗಾಲಿನ ಚಪ್ಪಲಿ

ನಮ್ಮೂರಲ್ಲಿ ಸಾವಾದರೆ ಮನೆಯವರ ಕಣ್ಣಲ್ಲಿ ಮೊದಲು ನೀರು ಬರುವುದಿಲ್ಲ. ಹಳ್ಳದ ಆಚೆಯಿಂದ ಯಾರಾದರೂ ಬಂದು, ಸತ್ತವರ ಬಗ್ಗೆ ತಮಗೆ ಗೊತ್ತಿದ್ದದ್ದನ್ನು ಆಡಿಕೊಂಡು ಅಳಬೇಕು. ಅವರ ಕಣ್ಣೀರು ನಮ್ಮ ಮನೆಯ ನೆಲಕ್ಕೆ ಬಿದ್ದ ಮೇಲೆ ನಮ್ಮದು ಶುರುವಾಗುತ್ತದೆ. ಇದಕ್ಕೆ ಕಣ್ಣು ಬಿಡಿಸುವುದು ಎನ್ನುತ್ತೇವೆ. ಆಚೆಯವರ ಮನೆಯಲ್ಲಿ ಸಾವಾದರೆ ನಾವು ಹೋಗುತ್ತೇವೆ. ಅವರ ಪಾಲಿಗೆ ನಾವೇ ಆಚೆಯವರು. ಈಚೆ ಗುಡಿ ಇದೆ, ಆಚೆ ಮಸೀದಿ ಇದೆ, ನಡುವೆ ಬೇಸಿಗೆಯಲ್ಲಿ ಪಾದ ಕೂಡ ಮುಳುಗದ ಹಳ್ಳ, ಅದರ ಮೇಲೊಂದು ತಗ್ಗಾದ ಸೇತುವೆ.

ಕಣ್ಣು ಬಿಡಿಸದಿದ್ದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಪೇಟೆಯ ಕೊನೆಗಿರುವ ಸಾಹುಕಾರರ ದೊಡ್ಡ ಮನೆಗೆ ಹೋಗಬೇಕು. ಆ ಮನೆಯ ಹಿರಿಯ ಬದುಕಿರುವವರೆಗೂ ಸೇತುವೆ ದಾಟಲಿಲ್ಲ, ಆಚೆಯವರ ಮುಖ ನೋಡುವುದೂ ಬೇಡ ಎನ್ನುತ್ತಿದ್ದ. ಅವನು ಸತ್ತಾಗ ಆಚೆಯಿಂದ ಜನವೇನೋ ಬಂದರು, ಮರ್ಯಾದೆಗೆ ಕುಳಿತರು. ಆದರೆ ಆಡಿಕೊಂಡು ಅಳಲು ಯಾರ ಹತ್ತಿರವೂ ಒಂದು ಮಾತಿರಲಿಲ್ಲ. ಅಮಾವಾಸ್ಯೆ ಬಂದು ಹೋಗುವಷ್ಟರಲ್ಲಿ ಮನೆಯವರೆಲ್ಲ ಅವನ ಮುಖ ಮರೆತರು. ಪಡಸಾಲೆಯಲ್ಲಿ ಅವನ ಫೋಟೊ ಈಗಲೂ ಇದೆ, ದಿನಾ ಹೂವು ಏರಿಸುತ್ತಾರೆ. ಅದನ್ನು ನೋಡಿ ಅವನ ಸ್ವಂತ ಮಗಳೇ, ಯಾರೋ ದೊಡ್ಡವರಿರಬೇಕು ಎನ್ನುತ್ತಾಳೆ.

ಈ ಹೆದರಿಕೆ ಇರುವುದರಿಂದಲೇ ನಮ್ಮಲ್ಲಿ ಕೂಸಿಗೆ ನಡಿಗೆ ಬಂದ ಕೂಡಲೇ ಕೈಗೊಂದು ಬಟ್ಟಲು ಕೊಟ್ಟು ಆಚೆಗೆ ಕರೆದೊಯ್ಯುತ್ತಾರೆ, ಒಂದಿಷ್ಟು ಸಕ್ಕರೆಯೋ ಮಜ್ಜಿಗೆಯೋ ಕೇಳಿಕೊಂಡು ಬರಲೆಂದು. ಮನೆಯಲ್ಲಿ ಸಕ್ಕರೆ ಇಲ್ಲವೆಂದಲ್ಲ, ಕೂಸಿನ ಗುರುತು ಅಲ್ಲಿಯವರಿಗೆ ಆಗಲೆಂದು. ಹೆಣ್ಣು ನೋಡಲು ಬಂದವರು ಅಡುಗೆ, ಹೊಲಿಗೆ ಎಲ್ಲ ಕೇಳಿದ ಮೇಲೆ, 'ಆಚೀಕಡೆ ಈಕೀನ್ನ ಬಲ್ಲವರು ಯಾರದಾರ?' ಎಂದು ಕೇಳಿಯೇ ಏಳುತ್ತಾರೆ. ನಾನೂ ಕಣ್ಣು ಬಿಡಿಸಲು ಹೋದವಳೇ. ಆಚೆಯ ಬಳೆಗಾರ ಇಮಾಮಸಾಬ ತೀರಿಹೋದಾಗ, ಬಳೆ ಏರಿಸುವಾಗ ಅವನು ನನ್ನ ಬೆರಳ ಗೆಣ್ಣು ಅಮುಕಿ ಅಮುಕಿ 'ಎಷ್ಟ ಬಿರಸ ಕೈಯವ್ವಾ ನಿಂದು, ನಿನ್ನ ಗಂಡನ ಗತಿ ಏನು' ಎನ್ನುತ್ತಿದ್ದದ್ದನ್ನು ಹೇಳಿಕೊಂಡು ಅತ್ತಿದ್ದೆ. ಅವನ ಹೆಣ್ಣುಮಕ್ಕಳು ನನ್ನನ್ನು ತಬ್ಬಿಕೊಂಡು ಗೋಳೋ ಎಂದರು. ಅಳು ಎನ್ನುವುದು ಎಷ್ಟು ದೊಡ್ಡ ಉಪಕಾರ ಎಂದು ಆವತ್ತು ನನಗೆ ಅರ್ಥವಾಯಿತು.

ಇಷ್ಟೆಲ್ಲ ಹೇಳಿದ್ದು ನಮ್ಮ ಬಾಳವ್ವಕ್ಕನ ಸಲುವಾಗಿ. ಅವಳು ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಗಂಡ ಹೋದ ಮೇಲೆ ಒಬ್ಬನೇ ಮಗನನ್ನು ಕಟ್ಟಿಕೊಂಡು ನಮ್ಮೊಂದಿಗೆ ಒಂದೇ ಮನೆಯಲ್ಲಿ ಇದ್ದಳು. ಆ ಮಗನೇ ಕಲ್ಮೇಶಿ. ಮೂರು ಗಾಲಿಯ ಒಂದು ಹಳೆಯ ಟಂಟಂ ಗಾಡಿ ಇಟ್ಟುಕೊಂಡು ಎರಡೂ ಕಡೆಯ ಸಾಮಾನು ಸಾಗಿಸುತ್ತಿದ್ದ. ಅವನನ್ನು ಬಂಗಾರದಂಥ ಹುಡುಗ ಎಂದು ನಾನು ಹೇಳುವುದಿಲ್ಲ. ಸುಮ್ಮನೆ ಹಾರ್ನ್ ಹೊಡೆಯುತ್ತಿದ್ದ, ಮಾತಿಗೆ ಮಾತು ಕೊಡುತ್ತಿದ್ದ, ಕಂಡವರನ್ನು ಕೆಣಕದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಆದರೆ ಅವನು ಮನೆಯೊಳಗೆ ಬಂದರೆ ಮನೆ ತುಂಬುತ್ತಿತ್ತು.

ಅವನ ಟಂಟಂ ಸೀಟಿನ ಕೆಳಗೆ ಹೆಂಗಸರ ಒಂದು ಚಪ್ಪಲಿ ಇತ್ತು. ಎಡಗಾಲಿನದು, ಹಸಿರು ಪಟ್ಟಿಯದು. ಬಾಳವ್ವಕ್ಕ ಅದನ್ನು ಮೊದಲು ನೋಡಿದಾಗ ಮುಖ ಅರಳಿಸಿಕೊಂಡು ನನ್ನ ಹತ್ತಿರ ಓಡಿ ಬಂದಿದ್ದಳು. 'ಯಾವದೋ ಹುಡುಗೀದು ಇರಬೇಕಲ್ಲೇ?' ಎಂದಳು. ಅವನನ್ನು ಕೇಳಿದರೆ ನಕ್ಕ. 'ಅದು ಒತ್ತಿ ಇಟ್ಟದ್ದು ಯವ್ವಾ, ಬಿಡಿಸಿಕೊಂಡ ಹೋಗಾಕ ಬರತಾಳ ತಡಿ' ಎಂದ. ಅಂದಿನಿಂದ ಅವಳು ಆ ಹುಡುಗಿಯ ದಾರಿ ಕಾಯುತ್ತಿದ್ದಳು.

ಆ ವರ್ಷ ಮೆರವಣಿಗೆ ಯಾವ ಹೊತ್ತಿಗೆ ಸೇತುವೆ ದಾಟಬೇಕು ಎನ್ನುವ ಮಾತು ಬೆಳೆದು ಕಲ್ಲಿಗೆ ಹೋಯಿತು. ಎರಡೂ ದಂಡೆಯಿಂದ ಕಲ್ಲು ಬಂದವು. ಕಲ್ಮೇಶಿ ಅದೇ ಹೊತ್ತಿಗೆ ಆಚೆಯಿಂದ ಸಿಮೆಂಟಿನ ಚೀಲ ಹೇರಿಕೊಂಡು ಸೇತುವೆಯ ನಡುವಿಗೆ ಬಂದಿದ್ದ. ಕಲ್ಲು ತಲೆಗೆ ಬಿತ್ತು. ಯಾವ ದಂಡೆಯದು ಎಂದು ಆಗಲೂ ಯಾರಿಗೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಆದರೆ ಹೆಣ ನೆಲದ ಮೇಲಿರುವಾಗಲೇ ಸೇತುವೆಯ ಎರಡೂ ಬಾಯಿಗೆ ಜಾಲಿಮುಳ್ಳು ಬಿತ್ತು. ಈಚೆಯವರು ಈಚೆ ಕಾವಲು ಕುಳಿತರು, ಆಚೆಯವರು ಆಚೆ. ನನ್ನ ಗಂಡ ಎಲ್ಲರಿಗಿಂತ ಮುಂದೆ ಕುಳಿತ. ಮಣ್ಣು ಮಾಡಿ ಬಂದೆವು, ಒಬ್ಬರ ಕಣ್ಣಲ್ಲೂ ಒಂದು ಹನಿ ಇಲ್ಲ. ಬಾಳವ್ವಕ್ಕ ಮಗನ ಬಟ್ಟೆಗಳನ್ನು ಮಡಚಿ ಇಟ್ಟಳು, ಬಿಚ್ಚಿದಳು, ಮತ್ತೆ ಮಡಚಿ ಇಟ್ಟಳು. ಎದೆಯಲ್ಲಿ ಕಲ್ಲು ಕುಳಿತಂತೆ ಇದೆ ಎನ್ನುತ್ತಿದ್ದಳು. ನಾನೂ ಅದೇ ಮನೆಯವಳು, ನನಗೂ ಅಳಲು ಬರುತ್ತಿರಲಿಲ್ಲ.

ಅಮಾವಾಸ್ಯೆ ಹತ್ತಿರವಾಗುತ್ತಿದ್ದಂತೆ ಊರಿನ ಹಿರಿಯರು ಸಭೆ ಸೇರಿದರು. ಎರಡೂ ಕಡೆಯವರಲ್ಲಿ ಒಳ್ಳೆಯವರು ಇದ್ದರು, ಇಲ್ಲವೆನ್ನುವುದಿಲ್ಲ. ಆಚೆಯಿಂದ ಶುಭ್ರವಾದ ಬಟ್ಟೆಯ ಐದಾರು ಮಂದಿ ದೊಡ್ಡವರನ್ನು ಜೀಪಿನಲ್ಲಿ ಕೂರಿಸಿಕೊಂಡು ಸುತ್ತುದಾರಿಯಿಂದ ನಮ್ಮ ಮನೆಗೆ ಕರೆತಂದರು. ಹಾರ ತಂದಿದ್ದರು, ಮೈಕ್ ಕೂಡ ತಂದಿದ್ದರು. ಒಬ್ಬರು ಎದ್ದು ನಿಂತು, ಕಲ್ಮೇಶ ಅತ್ಯಂತ ವಿನಯವಂತ ಯುವಕ, ಮಿತಭಾಷಿ, ಹಿರಿಯರಿಗೆ ತಲೆಬಾಗುತ್ತಿದ್ದವನು, ಎರಡು ಸಮುದಾಯಗಳ ನಡುವಿನ ಸೇತುವೆಯಾಗಿದ್ದವನು ಎಂದರು. ಬಾಳವ್ವಕ್ಕ ನನ್ನ ಕಡೆ ಬಾಗಿ, 'ಯಾರ ಬಗ್ಗೆ ಮಾತಾಡಾಕತ್ತಾರ ಇವರು?' ಎಂದು ಮೆಲ್ಲಗೆ ಕೇಳಿದಳು. ಇನ್ನೊಬ್ಬರು ಕರವಸ್ತ್ರವನ್ನು ಕಣ್ಣಿಗೆ ಒತ್ತಿಕೊಂಡರು, ಧಾರಾಳವಾಗಿ ನೀರು ಸುರಿಯಿತು. ಉಳ್ಳಾಗಡ್ಡಿಯ ವಾಸನೆ ನನ್ನ ಮೂಗಿಗೇ ಬಂತು. ಬಾಳವ್ವಕ್ಕ ಪಾಪ, ಎದ್ದು ಹೋಗಿ ಅವರಿಗೆ ಕಣ್ಣು ತೊಳೆದುಕೊಳ್ಳಲು ಒಂದು ತಂಬಿಗೆ ನೀರು ತಂದುಕೊಟ್ಟಳು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಸಾವಿನ ಮನೆಗೆ ಒಳ್ಳೆಯ ಮಾತು ತರಬೇಕು ಎಂದು ತಿಳಿದವರು ಅವರು. ನಾವೂ ಹಾಗೆಯೇ ತಿಳಿದಿದ್ದೆವು. ಆಚೆಯ ಯಾರನ್ನು ಕರೆಸೋಣ ಎಂದು ಹಿರಿಯರು ಕೇಳಿದಾಗ, ಅವನನ್ನು ಹೊಗಳುವವರು ಯಾರಿದ್ದಾರೆ ಎಂದು ನಾವು ನೆನಪು ಮಾಡಿಕೊಂಡೆವೇ ಹೊರತು, ಅವನನ್ನು ಬಯ್ಯುವವರು ಯಾರು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಮುಂಜಾನೆ ಬಾಳವ್ವಕ್ಕ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

'ಏ ತಂಗಿ, ನಮ್ಮ ಕಲ್ಮೇಶಿಗೆ ಮೀಸಿ ಇದ್ದವೇನು?'

ಇದೇನು ಕೇಳುತ್ತೀ ಎಂದು ಬಾಯಿ ತೆರೆದೆ. ಆದರೆ ನನಗೂ ಗೊತ್ತಿರಲಿಲ್ಲ. ನನ್ನ ಕಂಕುಳಲ್ಲಿ ಆಡಿದ ಹುಡುಗ, ನಿನ್ನೆ ಮೊನ್ನೆ ನನ್ನ ಕೈಯ ಉಣಿಸು ತಿಂದ ಹುಡುಗ, ಅವನ ಮುಖವಿದ್ದಲ್ಲಿ ಒರೆಸಿದ ಪಾಟಿ ಇದ್ದಂತೆ ಇತ್ತು. ಇಬ್ಬರೂ ಎದ್ದು ಹೋಗಿ ಗೋಡೆಯ ಫೋಟೊ ನೋಡಿದೆವು. ಫೋಟೊದಲ್ಲಿದ್ದ ಹುಡುಗನಿಗೆ ಮೀಸೆ ಇತ್ತು. ಬಾಳವ್ವಕ್ಕ ಬಹಳ ಹೊತ್ತು ನೋಡಿ, 'ಚಲೋ ಅದಾನ, ಯಾರ ಮಗ ಏನೋ' ಎಂದಳು. ಅಂದ ಮೇಲೆ ತಾನು ಅಂದದ್ದು ತನಗೇ ಕೇಳಿಸಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕುಸಿದಳು. 'ಮಗ ಹ್ವಾದ, ಹ್ವಾದ. ಅವನ ಮುಖಾನೂ ಹೋಗಬೇಕೇನ? ನಾ ಏನ ಇಟಗೊಂಡ ಬದುಕಲಿ?' ಎಂದಳು. ಅವಳ ಕಣ್ಣುಗಳು ಒಣಗಿದ ಹೊಂಡದಂತೆ ಇದ್ದವು.

ನನಗೆ ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಸೇತುವೆಗೆ ಹೋದೆ. ನನ್ನ ಗಂಡ ನಾಲ್ಕು ಜನರೊಂದಿಗೆ ಮುಳ್ಳಿನ ಈಚೆ ಕುಳಿತಿದ್ದ, ಕೈಯಲ್ಲಿ ಬಡಿಗೆ.

'ಮನೀಗೆ ನಡೀರಿ. ಇಲ್ಲೆ ಯಾರ ಸಲುವಾಗಿ ಕುಂತೀರಿ?' ಎಂದೆ.

'ಇದೇನ ಕೇಳ್ತೀ? ನಮ್ಮ ಹುಡುಗನ ಸಲುವಾಗಿ. ಅವನ ರಕ್ತಕ್ಕ ಲೆಕ್ಕ ಕೇಳಬೇಕು.'

'ಹೌದಾ? ಹಂಗಾರ ಅವನ ಮುಖ ಹ್ಯಾಂಗಿತ್ತು, ಅಷ್ಟ ಹೇಳ್ರಿ ನನಗ.'

ಅವನು ತಟ್ಟನೆ ಏನೋ ಹೇಳಲು ಹೋದ. ಉಳಿದ ನಾಲ್ವರೂ ಅವನ ಬಾಯಿಯನ್ನೇ ನೋಡಿದರು. ನೋಡುತ್ತ ನೋಡುತ್ತ ನನ್ನ ಗಂಡನ ಮುಖದ ಬಣ್ಣ ಇಳಿಯಿತು. ಬಡಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. 'ಹೋಗು ನೀ ಮನೀಗೆ' ಎಂದ, ಆದರೆ ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ. ನಾನು ಬಂದೆ.

ಅಮಾವಾಸ್ಯೆಯ ದಿನವೇ, ಹೊತ್ತು ಮಾರುದ್ದ ಏರಿದಾಗ, ನಮ್ಮ ಓಣಿಯಲ್ಲಿ ಗದ್ದಲ ಕೇಳಿ ಹೊರಗೆ ಬಂದೆ. ಆಚೆಯ ಹೆಂಗಸೊಬ್ಬಳು ಒಂಟಿಯಾಗಿ ನಡೆದು ಬರುತ್ತಿದ್ದಳು. ಗಿಡ್ಡನೆಯ ಮೈ, ಅರವತ್ತರ ಆಸುಪಾಸು, ಹುಬ್ಬು ಕೆನ್ನೆಯ ಮೇಲೆಲ್ಲ ಹಿಟ್ಟು. ಸೇತುವೆ ಮುಚ್ಚಿದೆ ಎಂದು ಹಳ್ಳಕ್ಕೇ ಇಳಿದು ಬಂದಿದ್ದಳು, ಮೊಣಕಾಲಿನವರೆಗೆ ಕೆಸರು, ಬರಿಗಾಲು. ಕೈಯಲ್ಲಿ ಹಸಿರು ಪಟ್ಟಿಯ ಒಂದು ಚಪ್ಪಲಿ. ಹಿಂದೆ ನಮ್ಮ ಕಡೆಯ ಹುಡುಗರು ಕೂಗುತ್ತಿದ್ದರು, ಅವಳು ತಿರುಗಿ ಅವರಿಗಿಂತ ಜೋರಾಗಿ ಕೂಗುತ್ತಿದ್ದಳು. 'ನಿಮ್ಮವ್ವನ ಚಪ್ಪಲಿ ಹೋಗಿದ್ರ ಆಕಿ ಬಿಡತಿದ್ಲೇನ? ಸರೀರಿ ಆಚೆ!' ಅವಳು ಹಳ್ಳ ಇಳಿಯುವುದನ್ನು ನನ್ನ ಗಂಡ ನೋಡಿದ್ದನಂತೆ. ನೋಡಿ, ಮುಖ ಬೇರೆ ಕಡೆ ತಿರುಗಿಸಿಕೊಂಡನಂತೆ. ಆಮೇಲೆ ಅವನೇ ಹೇಳಿದ.

ಅವಳು ನೆಟ್ಟಗೆ ನಮ್ಮ ಅಂಗಳಕ್ಕೆ ಬಂದು, ಅಲ್ಲಿ ನಿಂತಿದ್ದ ಟಂಟಂ ನೋಡಿ, ಅದರ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಳು.

'ಇದ ನೋಡು, ಇದ ಗಾಡಿ. ಯಾರದಾರ ಮನ್ಯಾಗ? ನಾ ಜೈತುನಬಿ, ಶಾವಿಗಿ ಮಾಡಾಕಿ. ನನ್ನ ಎಡಗಾಲಿನ ಚಪ್ಪಲಿ ಐತಿ ಇದರಾಗ. ಕೊಡ್ರಿ.'

ಬಾಳವ್ವಕ್ಕ ಹೊಸ್ತಿಲಿಗೆ ಬಂದಳು. ಅವಳ ಕೈಯ ಚಪ್ಪಲಿ ನೋಡಿದಳು, ಅವಳ ನರೆತ ಕೂದಲು ನೋಡಿದಳು. ತಾನು ದಾರಿ ಕಾಯುತ್ತಿದ್ದ ಹುಡುಗಿ ಇವಳೇ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

'ನಿನ್ನ ಚಪ್ಪಲಿ ನನ್ನ ಮಗನ ಗಾಡ್ಯಾಗ ಯಾಕ ಬಂತು?' ಎಂದಳು.

'ಯಾಕ ಬಂತು?' ಜೈತುನಬಿಗೆ ಅಷ್ಟೇ ಸಾಕಾಗಿತ್ತು. 'ನಾ ಒಗದೆ, ಅದಕ್ಕ ಬಂತು! ನನ್ನ ಮನಿ ಮುಂದ ಕೋಲಿನ ಮ್ಯಾಲ ಶಾವಿಗಿ ಒಣಾ ಹಾಕಿರತೀನಿ. ನಿನ್ನ ಮಗ ಮೂಳ, ಬೇರೆ ದಾರಿ ಇದ್ರೂ ಅಲ್ಲೇ ಬರಾಂವ. ಬಂದು, ನನ್ನ ಬಾಗಲದ ಮುಂದ ಗಾಡಿ ಜೋರ ಮಾಡಾಂವ. ಇದ್ದಬದ್ದ ಧೂಳೆಲ್ಲಾ ನನ್ನ ಶಾವಿಗಿ ಮ್ಯಾಲ. ಮ್ಯಾಲ ಕೇಳತಾನ, ಚಾಚಿ, ಶಾವಿಗಿಗೆ ಉಪ್ಪ ಹಾಕೀನಿ, ಸಾಕಾತೋ ಇನ್ನೊಂದೀಟ ಹಾಕಲೋ? ಒಂದಿನ ತಡೀಲಾರದ ಚಪ್ಪಲಿ ತಗೊಂಡ ಒಗದೆ. ಹೋಗಿ ಅವನ ಗಾಡ್ಯಾಗ ಬಿತ್ತು. ನಿಂತನೇನ ಭಾಡ್ಯಾ? ಇಲ್ಲ! ಊರ ತುಂಬಾ ತಿರುಗಿಸಿಕೊಂಡ ಬಂದಾನ. ಕೊಡೋ ಅಂದ್ರ, ಕೊಡೂದಿಲ್ಲ, ನಾಳೆ ಬರತೀನಿ ಕೇಳು ಅಂತಾನ. ನಾಳೆ ಕೇಳಿದ್ರ ಮತ್ತ ನಾಳೆ. ಅಂದಿನಿಂದ ನಾ ಬರಿಗಾಲಲೇ ಅದೀನಿ. ಹೊಸಾವ ತಗೊಳ್ಳಾಕ ನನಗ ಆಗೂದಿಲ್ಲಂತಲ್ಲ. ನನ್ನ ಚಪ್ಪಲಿ ನನಗ ಬೇಕು!'

ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಸಾವಿನ ಮನೆಯ ಮುಂದೆ ಸತ್ತವನನ್ನು ಹೀಗೆ ಬಯ್ಯುವುದನ್ನು ಕೇಳಿ ಕೆಲವರ ಹುಬ್ಬು ಗಂಟಿಕ್ಕಿತ್ತು. ನಾನೂ ಅವಳ ಬಾಯಿ ಮುಚ್ಚಿಸಲು ಒಂದು ಹೆಜ್ಜೆ ಮುಂದೆ ಹೋದೆ. ಬಾಳವ್ವಕ್ಕ ನನ್ನ ಸೆರಗು ಹಿಡಿದು ನಿಲ್ಲಿಸಿದಳು. ಅವಳು ಉಸಿರು ಬಿಗಿಹಿಡಿದು ಕೇಳುತ್ತಿದ್ದಳು.

'ಕೇಳುವಾಗ...' ಎಂದಳು ಬಾಳವ್ವಕ್ಕ. 'ಉಪ್ಪ ಸಾಕಾತೋ ಅಂತ ಕೇಳುವಾಗ, ಅವನ ಮುಖ ಹ್ಯಾಂಗ ಇರತಿತ್ತು?'

'ಹ್ಯಾಂಗ ಇರತಿತ್ತು ಅಂದ್ರ? ಕಳ್ಳನ ಮುಖ! ಇಲ್ಲೆ,' ಜೈತುನಬಿ ತನ್ನ ಬಲಹುಬ್ಬಿನ ಮೇಲೆ ಬೆರಳಿಟ್ಟಳು, 'ಇಲ್ಲೆ ಒಂದ ಗಾಯದ ಗುರ್ತ ಐತಲ್ಲ, ಹುಬ್ಬ ಎರಡ ತುಂಡ ಆಗಿತ್ತು. ನಗುವಾಗ ಅದೊಂದ ಹುಬ್ಬ ಮ್ಯಾಲೇಳತಿತ್ತು. ಬಾಯಿ ನಗೂಕಿಂತ ಮೊದಲ ಹುಬ್ಬ ನಗತಿತ್ತು. ಅದನ್ನ ನೋಡೇ ನನಗ ತಿಳೀತಿತ್ತು, ಈಗ ಏನೋ ಅಂತಾನಿಂವ ಅಂತ. ಕೆಳಗಿನ ಹಲ್ಲ ಒಂದು ಸೊಟ್ಟ. ಮೀಸಿ ಅಂತ ಒಂದ ನಾಕ ಕೂದಲ, ಅದಕ್ಕ ಎಷ್ಟ ಎಣ್ಣಿ...'

ಅಲ್ಲಿಗೆ ನಿಂತಳು. ಕೈಯಲ್ಲಿದ್ದ ಚಪ್ಪಲಿಯನ್ನು ನೋಡಿಕೊಂಡಳು. ಆಮೇಲೆ ಮಾತನಾಡಿದಾಗ ಅದು ಜಗಳದ ದನಿ ಆಗಿರಲಿಲ್ಲ.

'ನಮ್ಮ ಓಣಿ ಹುಡುಗೂರನ್ನ ಒಬ್ಬೊಬ್ಬರನ್ನ ನಿಲ್ಲಿಸಿ ಕೇಳೀನವಾ, ಕಲ್ಲ ಯಾರ ಒಗದ್ರೋ ಅಂತ. ಯಾರೂ ಬಾಯಿ ಬಿಡವಲ್ಲರು. ನನಗ ಗೊತ್ತಾಗ್ಲಿಲ್ಲ. ಆದ್ರ ಇಷ್ಟ ದಿನದಿಂದ ನನ್ನ ಶಾವಿಗಿ ಬೆಳ್ಳಗ ಐತಿ. ಹಾಲಿನಂಗ ಐತಿ. ಒಂದ ಕಣ ಧೂಳ ಇಲ್ಲ. ಮುಂಜಾನೆ ಎದ್ದ ಅದನ್ನ ನೋಡಿದ್ರ ನನ್ನ ಹೊಟ್ಟ್ಯಾಗ ಬೆಂಕಿ ಬೀಳತೈತಿ. ಹಾರ್ನ್ ಎಲ್ಲೆರೆ ಕೇಳತೈತೇನ ಅಂತ ಕಿವಿ ಕೊಟ್ಟ ಕುಂದರತೀನಿ. ಯಾ ಅಲ್ಲಾ, ಯಾರಿಗೆ ಬಯ್ಯಲಿ ನಾ ಈಗ? ಯಾರಿಗೆ ಬಯ್ಯಲಿ?'

ಅವಳ ಕಣ್ಣೀರು ಕೆನ್ನೆಯ ಹಿಟ್ಟನ್ನು ತೋಯಿಸಿಕೊಂಡು ಇಳಿದು, ಗದ್ದದಿಂದ ನಮ್ಮ ಅಂಗಳಕ್ಕೆ ಬಿತ್ತು.

ಬಾಳವ್ವಕ್ಕನ ಗಂಟಲಿನಿಂದ ಬಂದ ಸದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಓಡಿ ಹೋಗಿ ಜೈತುನಬಿಯ ಹೆಗಲಿಗೆ ಹಣೆ ಹಚ್ಚಿ ಅತ್ತಳು. ಹುಬ್ಬಿನ ಗಾಯ ಹೇಗಾಯಿತು ಎಂದು ಹೇಳಿಕೊಂಡು ಅತ್ತಳು: ತೊಟ್ಟಿಲಿನಿಂದ ಜಿಗಿದು ರುಬ್ಬುವ ಒಳಕಲ್ಲಿಗೆ ಬಡಿದದ್ದು, ಅರಿಶಿನ ತುಂಬಿ ರಾತ್ರಿಯೆಲ್ಲ ಮಡಿಲಲ್ಲಿ ಹಾಕಿಕೊಂಡು ಕುಳಿತದ್ದು. ನನ್ನ ಕಣ್ಣಲ್ಲೂ ನೀರು ಬಂತು. ನೀರಿನೊಂದಿಗೆ ಅವನೂ ಬಂದ, ಮೊದಲು ಆ ತುಂಡಾದ ಹುಬ್ಬು, ಆಮೇಲೆ ಸೊಟ್ಟ ಹಲ್ಲು, ಆಮೇಲೆ ಇಡೀ ಹುಡುಗ. ಅಂಗಳದ ಬಾಗಿಲಲ್ಲಿ ನನ್ನ ಗಂಡ ಬಂದು ನಿಂತಿದ್ದ. ಬಡಿಗೆಯನ್ನು ಗೋಡೆಗೆ ಆನಿಸಿ, ಕುಕ್ಕರುಗಾಲಲ್ಲಿ ಕುಳಿತು, ರುಮಾಲಿನಲ್ಲಿ ಮುಖ ಮುಚ್ಚಿಕೊಂಡ. ಹುಬ್ಬು ಗಂಟಿಕ್ಕಿದ್ದ ಓಣಿಯವರು ಒಬ್ಬೊಬ್ಬರೇ ತಲೆ ತಗ್ಗಿಸಿದರು.

ಬಹಳ ಹೊತ್ತಾದ ಮೇಲೆ ಜೈತುನಬಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಕೊಟ್ಟ ಚಹಾ ಕುಡಿದಳು, ಸಕ್ಕರೆ ಕಡಿಮೆ ಎಂದಳು. ಎದ್ದು ನಿಂತು ಸೀರೆಯ ಕೆಸರು ಕೊಡವಿದಳು.

'ಹೊತ್ತಾತು. ಹಿಟ್ಟ ನಾದಿ ಇಟ್ಟ ಬಂದೀನಿ. ಚಪ್ಪಲಿ ಕೊಡವಾ ಇನ್ನ.'

ಬಾಳವ್ವಕ್ಕ ಟಂಟಂ ಹತ್ತಿರ ಹೋಗಿ ಸೀಟಿನ ಕೆಳಗಿನಿಂದ ಚಪ್ಪಲಿ ತೆಗೆದಳು. ಹೊರಳಿಸಿ ನೋಡಿದಳು, ಧೂಳು ಒರೆಸಿದಳು. ಕೊಡಲು ಕೈ ಮುಂದೆ ಮಾಡಿದವಳು ಏನನ್ನಿಸಿತೋ, ಕೈ ಹಿಂದಕ್ಕೆ ಎಳೆದುಕೊಂಡು ಅದನ್ನು ಬೆನ್ನ ಹಿಂದೆ ಹಿಡಿದಳು.

'ಕೊಡೂದಿಲ್ಲ' ಎಂದಳು.

'ಏನಂದಿ?'

'ಕೊಡೂದಿಲ್ಲ. ನಾಳೆ ಬಾ, ಕೇಳು.'

ಬಾಳವ್ವಕ್ಕನ ಬಲಹುಬ್ಬಿನ ಮೇಲೆ ಗಾಯದ ಗುರುತಿಲ್ಲ, ಆದರೆ ಅದು ಮೇಲೆದ್ದದ್ದನ್ನು ನಾನೇ ನೋಡಿದೆ. ಜೈತುನಬಿಯೂ ನೋಡಿರಬೇಕು. 'ತಾಯಿ ಮಗ ಇಬ್ಬರೂ ಒಂದ ಅಚ್ಚಿನಾವರು! ಇಂಥಾ ಮಂದೀನ್ನ ನಾ ಎಲ್ಲೂ ಕಾಣಲಿಲ್ಲ!' ಎಂದು ಬಯ್ಯುತ್ತ ಅಂಗಳ ದಾಟಿದಳು, ಬಯ್ಯುತ್ತಲೇ ಓಣಿ ದಾಟಿದಳು. ಈ ಸಲ ಹಳ್ಳಕ್ಕೆ ಇಳಿಯಲಿಲ್ಲ. ನನ್ನ ಗಂಡ ಮುಂದೆ ಹೋಗಿ, ಸೇತುವೆಯ ಬಾಯಲ್ಲಿದ್ದ ಮುಳ್ಳನ್ನು ಅವಳು ಹೋಗುವಷ್ಟು ಸರಿಸಿ ಹಿಡಿದು ನಿಂತ.

ಊರು ಅಷ್ಟಕ್ಕೇ ಸರಿಹೋಯಿತು ಎಂದು ಹೇಳಲಾರೆ. ಮುಳ್ಳು ಪೂರ್ತಿ ತೆಗೆಯಲು ಬಹಳ ದಿನ ಹಿಡಿಯಿತು, ಈಗಲೂ ಮೆರವಣಿಗೆಯ ದಿನ ಎರಡೂ ಕಡೆಯ ತಾಯಂದಿರ ಎದೆ ಹೊಡೆದುಕೊಳ್ಳುತ್ತದೆ. ಆದರೆ ಜೈತುನಬಿ ಮರುದಿನ ಬಂದಳು, ಅದರ ಮರುದಿನವೂ ಬಂದಳು. ಬಂದಾಗಲೆಲ್ಲ ಜಗಳ. ಅವಳ ಸೊಂಟ ಯಾವ ಕಡೆ ನೋಯುತ್ತದೆ, ಯಾವ ತಂಗಿಯ ಜೊತೆ ಮಾತು ಬಿಟ್ಟಿದ್ದಾಳೆ, ಚಹಾಕ್ಕೆ ಎಷ್ಟು ಸಕ್ಕರೆ ಬೇಕು, ನಮಾಜಿಗೆ ಹೊತ್ತಾದಾಗ ಮಾತಿನ ನಡುವೆಯೇ ಹೇಗೆ ಎದ್ದು ಹೋಗುತ್ತಾಳೆ, ಎಲ್ಲವೂ ನಮಗೆ ಈಗ ಗೊತ್ತು. ಅವಳಿಗೆ ಮುಂದೆ ಯಾವತ್ತೋ ಏನಾದರೂ ಆದರೆ, ಆಚೆಗೆ ಹೋಗಿ ಆಡಿಕೊಂಡು ಅಳಲು ನಮ್ಮ ಹತ್ತಿರ ಬೇಕಾದಷ್ಟು ಇದೆ. ಎಡಗಾಲಿನ ಚಪ್ಪಲಿ ಇನ್ನೂ ನಮ್ಮ ಮನೆಯಲ್ಲೇ ಇದೆ, ಬಾಳವ್ವಕ್ಕ ಕೊಟ್ಟಿಲ್ಲ. ಜೈತುನಬಿಯೂ ಹೊಸ ಚಪ್ಪಲಿ ಕೊಂಡಿಲ್ಲ, ಬರಿಗಾಲಲ್ಲೇ ಬರುತ್ತಾಳೆ.